ಹನ್ನೆರಡೂ ಒಂದನೇ ಕಂಬವೇ

ಹದಿನಾರು ಮೆಗಾಬೈಟ್ ಜಾಗದಲ್ಲಿ ಒಬ್ಬ ಮನುಷ್ಯ ಎಷ್ಟು ದೊಡ್ಡ ತಪ್ಪು ಮಾಡಬಹುದು ಎಂದು ಯಾರಾದರೂ ಸಂಶೋಧನೆ ಮಾಡುವುದಾದರೆ ಅವರು ನೇರವಾಗಿ ಶಿನ್‌ಚು ಊರಿನ ನಮ್ಮ ಓಣಿಗೆ ಬರಬಹುದು. ಓಣಿಯ ತುದಿಯಲ್ಲಿ ನಿಂತು ನನ್ನ ಹೆಸರು ಹೇಳಿದರೆ ಸಾಕು. ಬಟ್ಟೆ ಒಗೆಯುವ ಅಂಗಡಿಯ ಶಾವ್ ಅಕ್ಕ ತಾನೇ ಬಂದು ಮನೆಯವರೆಗೆ ಬಿಡುತ್ತಾಳೆ. ದಾರಿಯುದ್ದಕ್ಕೂ ವಿವರವನ್ನೂ ಕೊಡುತ್ತಾಳೆ.

ನನ್ನ ಹೆಸರು ಪೆಂಗ್ ಕುವೆಯ್‌ಶಿಯಾಂಗ್. ಮನೆಯಲ್ಲಿ ಆಶಿಯಾಂಗ್. ಒಂಬತ್ತು ಜನರಿರುವ ಒಂದು ಕಂಪನಿಯಲ್ಲಿ ಎಂಜಿನಿಯರ್. ಲಿಫ್ಟಿನ ನೆತ್ತಿಯಲ್ಲಿ, ಟಿಕೆಟ್ ಯಂತ್ರದ ಹೊಟ್ಟೆಯಲ್ಲಿ, ಗೋಡೆಯ ಒಳಗೆ ಕೂತು ಯಾರ ಕಣ್ಣಿಗೂ ಬೀಳದೆ ದುಡಿಯುವ ಪುಟ್ಟ ಕಂಪ್ಯೂಟರುಗಳನ್ನು ನಾವು ತಯಾರಿಸುತ್ತೇವೆ. ಅವುಗಳನ್ನು ನಡೆಸುವುದು ಲಿನಕ್ಸ್ ಎಂಬ ಮೂಲ ಪ್ರೋಗ್ರಾಂ. ಅದರ ಮನೆ ಮಠ ಎಲ್ಲ ಕಿರುಬೆರಳಿನ ಉಗುರಿನಷ್ಟಿರುವ ಒಂದು ಫ್ಲ್ಯಾಶ್ ಚಿಪ್ಪಿನಲ್ಲಿ. ನಿಮ್ಮ ಫೋನಿನ ನಾಲ್ಕು ಫೋಟೋ ಹಿಡಿಸುವಷ್ಟು ಜಾಗ ಅದು. ಆ ಜಾಗವನ್ನು ಖಾನೆಗಳಾಗಿ ಭಾಗ ಮಾಡುವುದು ನನ್ನ ಕೆಲಸ.

ಇದನ್ನು ಸಣ್ಣ ಕೆಲಸ ಎಂದುಕೊಳ್ಳಬೇಡಿ. ಮೊದಲ ಖಾನೆಯಲ್ಲಿ ಯಂತ್ರವನ್ನು ನಿದ್ದೆಯಿಂದ ಎಬ್ಬಿಸುವ ಪ್ರೋಗ್ರಾಂ ಇರುತ್ತದೆ. ಎರಡನೆಯದು ಎಲ್ಲಕ್ಕಿಂತ ಚಿಕ್ಕದು, ಅದರಲ್ಲಿರುವುದು ‘ನಾನು ಯಾರು’ ಎಂಬ ಒಂದೇ ವಿಷಯ, ಅಂದರೆ ಆ ಯಂತ್ರದ ಸ್ವಂತ ಸಂಖ್ಯೆ. ಮೂರನೆಯದರಲ್ಲಿ ಲಿನಕ್ಸ್ ಸಂಸಾರ ಸಮೇತ ವಾಸವಾಗಿರುತ್ತದೆ. ನಾಲ್ಕನೆಯದು ದಿನನಿತ್ಯದ ಬರಹಕ್ಕೆ. ಗಡಿ ಕೂದಲೆಳೆಯಷ್ಟು ತಪ್ಪಿದರೂ ಒಂದು ಖಾನೆಯವನು ಪಕ್ಕದವನ ತಲೆಯ ಮೇಲೆ ಬರೆದುಬಿಡುತ್ತಾನೆ. ಅದಕ್ಕೇ ನಾನು ಎರಡನೆಯ ಖಾನೆಗೆ ಬೀಗ ಹಾಕಿಡುತ್ತೇನೆ. ಯಂತ್ರ ಎಚ್ಚರವಾಗಿರುವಾಗ ಯಾರೂ, ಸ್ವತಃ ನಾನೂ, ಅದರಲ್ಲಿ ಬರೆಯುವಂತಿಲ್ಲ. ಬರೆಯಬೇಕೆಂದರೆ ಯಂತ್ರವನ್ನು ಆರಿಸಿ, ಮತ್ತೆ ಹೊತ್ತಿಸಿ, ಅದು ಕಣ್ಣು ಬಿಡುವ ಹೊತ್ತಿಗೆ ಹಿಡಿಯಬೇಕು. ಈ ಬೀಗದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ನಮ್ಮ ಓಣಿಯಲ್ಲಿ ಊರು ಕಾಯುವ ದೇವರು ಭೂಮಿತಾತನ ಗುಡಿಯಿದೆ. ಹೊಸ ವರ್ಷದ ಮೊದಲ ತಿಂಗಳಲ್ಲಿ ಎಲ್ಲರೂ ಅಲ್ಲಿ ತಮ್ಮ ಹೆಸರಿಗೆ ಒಂದೊಂದು ದೀಪ ಹಚ್ಚಿಸುತ್ತಾರೆ. ಒಮ್ಮೆ ಹಚ್ಚಿದ ದೀಪ ವರ್ಷ ಮುಗಿಯುವವರೆಗೆ ಆರಬಾರದು. ಈ ವರ್ಷ ಗುಡಿಯ ಸಮಿತಿಯವರು ಹಳೆಯದನ್ನು ತೆಗೆದು ಹನ್ನೆರಡು ಹೊಸ ದೀಪದ ಕಂಬಗಳನ್ನು ಮಾಡಿಸಿದರು. ಒಂದು ಕಂಬಕ್ಕೆ ನೂರು ದೀಪ, ನೂರು ಹೆಸರು. ಹೆಸರುಗಳ ಪಟ್ಟಿ ಗುಡಿಯ ಕಚೇರಿಯ ಕಂಪ್ಯೂಟರಿನಲ್ಲಿ. ಕಂಬದೊಳಗಿನ ನಮ್ಮ ಯಂತ್ರ ‘ನಾನು ಏಳನೆಯವನು, ನನ್ನ ನೂರು ಜನರನ್ನು ಕೊಡಿ’ ಎಂದು ಕೇಳಿ ತರಿಸಿಕೊಂಡು ಕಂಬದ ಪರದೆಯ ಮೇಲೆ ತೋರಿಸಬೇಕು. ನಮ್ಮ ಧಣಿ ಲಿಯಾವ್ ಇದಕ್ಕೆ ಮೂರು ದಿನ ಬೇಕು ಎಂದು ಬರೆದುಕೊಟ್ಟಿದ್ದರು.

ಮೂರು ದಿನವನ್ನು ಅರ್ಧ ದಿನ ಮಾಡಿದವನು ನಾನು. ಹೊಸ ವರ್ಷದ ಔತಣದಲ್ಲಿ ಶಾವ್ ಅಕ್ಕ ಎಲ್ಲರೆದುರು ನನ್ನ ಹೆಂಡತಿಯ ಅಜ್ಜಿಯನ್ನು ಕೇಳಿದಳು: “ಆಮಾ, ನಿಮ್ಮ ಮೊಮ್ಮಗಳ ಗಂಡ ಇನ್ನೂ ಆ ಕಂಪ್ಯೂಟರ್ ರಿಪೇರಿ ಅಂಗಡೀಲೇ ಇದಾನಾ?”

ಆಮಾ ಮೂಲಂಗಿ ಕಡುಬು ಅಗಿಯುತ್ತ ಹೇಳಿದಳು: “ಇದಾನೆ. ಪಾಪ, ಏನು ಮಾಡ್ತಾನೋ ನಂಗೊತ್ತಿಲ್ಲ. ಕಳ್ಳತನ ಅಂತೂ ಅಲ್ಲ.”

ಇಂಥ ಪ್ರಶಂಸೆ ಕೇಳಿದ ಮೇಲೆ ಸುಮ್ಮನಿರುವುದು ಹೇಗೆ? ನಾನು ಸಮಿತಿಯ ಅಧ್ಯಕ್ಷ ಕೋ ಅವರ ಕಡೆ ತಿರುಗಿ, “ಕಂಬದ ಕೆಲಸ ತಾನೇ? ಒಂಬತ್ತನೇ ತಾರೀಕು ಬೆಳಿಗ್ಗೆ ಕೂತರೆ ಮಧ್ಯಾಹ್ನದ ಊಟದೊಳಗೆ ಮುಗಿಸ್ತೀನಿ,” ಎಂದೆ. ಕೋ ಅವರದು ಹಂದಿಮಾಂಸದ ಉಂಡೆಯ ಸಾರಿನ ಅಂಗಡಿ, ಮೂವತ್ತು ವರ್ಷದಿಂದ ಬೆಳಗಿನ ಜಾವ ಎದ್ದು ಮಾಂಸ ಕುಟ್ಟುವ ಮನುಷ್ಯ. ಬೇಗ ಮುಗಿಯುವ ಯಾವ ಕೆಲಸದ ಮೇಲೂ ಅವರಿಗೆ ನಂಬಿಕೆಯಿಲ್ಲ. ಆದರೂ “ಭಲೆ!” ಎಂದು ನನ್ನ ಬೆನ್ನು ತಟ್ಟಿದರು.

ಒಂಬತ್ತನೇ ತಾರೀಕು ಮೊದಲ ಯಂತ್ರವನ್ನು ಶಾಸ್ತ್ರೋಕ್ತವಾಗಿ ತಯಾರು ಮಾಡಿದೆ. ಖಾನೆ ಕತ್ತರಿಸಿ, ಗಡಿ ನೋಡಿ, ‘ನಾನು ಒಂದನೆಯವನು’ ಎಂದು ಬರೆದು, ಬೀಗ ಹಾಕುವಷ್ಟರಲ್ಲಿ ಹತ್ತೂವರೆ. ಇನ್ನೂ ಹನ್ನೊಂದು ಬಾಕಿ. ನಿಯಮದ ಪ್ರಕಾರ ಪ್ರತಿಯೊಂದಕ್ಕೂ ಎರಡನೆಯ ಖಾನೆಯನ್ನು ಕೈಯಾರೆ ಬೇರೆ ಬೇರೆ ಬರೆಯಬೇಕು. ಈ ನಿಯಮವನ್ನು ಕಂಪನಿಗೆ ಬರೆದುಕೊಟ್ಟವನು ನಾನೇ, ಅದೂ ದಪ್ಪಕ್ಷರದಲ್ಲಿ. ಆದರೆ ಊಟದ ಹೊತ್ತು ಹತ್ತಿರವಾಗುತ್ತಿತ್ತು. ಚಿಪ್ಪಿಗೂ ಲ್ಯಾಪ್‌ಟಾಪಿಗೂ ನೇರ ಸಂಪರ್ಕ ಕೊಡುವ ಕ್ಲಿಪ್ ಹಾಕಿದೆ. ಮೊದಲನೆಯದನ್ನು ತಲೆಯಿಂದ ಕಾಲಿನವರೆಗೆ ಇಡಿಯಾಗಿ ನಕಲು ಮಾಡಿ ಉಳಿದ ಹನ್ನೊಂದಕ್ಕೂ ಇಳಿಸಿದೆ. ‘ಸಂಖ್ಯೆ ಆಮೇಲೆ ಬರೆದರಾಯಿತು’ ಎಂದುಕೊಂಡೆ. ಅಷ್ಟರಲ್ಲಿ ಕೋ ಅವರು ಊಟಕ್ಕೆ ಕರೆದರು.

ಊಟವಾಯಿತು. ಮಂತ್ರವಾಯಿತು. ಪಟಾಕಿ ಸಿಡಿಯಿತು. ಹನ್ನೆರಡು ಕಂಬ ಏಕಕಾಲಕ್ಕೆ ಬೆಳಗಿದವು. ಎಲ್ಲ ಪರದೆಗಳ ಮೇಲೂ ಹೆಸರುಗಳು ಮೆಲ್ಲಗೆ ಮೇಲೇರುತ್ತಿದ್ದವು. ನೂರಾರು ಜನ ಚಪ್ಪಾಳೆ ತಟ್ಟಿದರು. ನಾನು ಎರಡು ಕೈ ಜೋಡಿಸಿ ವಿನಯದಿಂದ ಬಾಗಿದೆ. ಸಂಖ್ಯೆಯ ವಿಷಯ ನನ್ನ ತಲೆಯ ಯಾವ ಖಾನೆಯಲ್ಲೂ ಇರಲಿಲ್ಲ.

ಸೋಮವಾರ ಸಂಜೆ ಮನೆಗೆ ಬಂದರೆ ಹೆಂಡತಿ ಯೂಜೆನ್ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಆಮಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

“ಆಮಾ ಗುರುವಾರ ಆಪರೇಷನ್ನಿಗೆ ಬರಲ್ವಂತೆ,” ಎಂದಳು ಯೂಜೆನ್.

ಆಮಾಗೆ ಎಂಬತ್ತಮೂರು. ಎರಡೂ ಕಣ್ಣಿಗೆ ಪೊರೆ. ಹದಿನೈದು ದಿನದ ಹಿಂದೆ ತರಕಾರಿ ಗಾಡಿ ಎಂದುಕೊಂಡು ಬರುತ್ತಿದ್ದ ಸ್ಕೂಟರಿನ ಎದುರು ಹೋಗಿ ನಿಂತಿದ್ದಳು. ಪೊರೆ ಕಲ್ಲಾಗುತ್ತಿದೆ, ಇನ್ನು ತಡ ಮಾಡಿದರೆ ಬಲಗಣ್ಣು ಉಳಿಯುತ್ತದೆಂದು ಹೇಳಲಾರೆ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಈ ಗುರುವಾರ ತಪ್ಪಿದರೆ ಮುಂದಿನ ದಿನ ಸಿಗುವುದು ನಾಲ್ಕು ತಿಂಗಳಿಗೆ. ಅವಳನ್ನು ಒಪ್ಪಿಸಲು ಯೂಜೆನ್ ಒಂದು ವರ್ಷ ತೆಗೆದುಕೊಂಡಿದ್ದಳು.

“ಯಾಕೆ ಆಮಾ?” ಎಂದೆ.

“ನನ್ನ ದೀಪ ಇಲ್ಲ.”

“ಇರುತ್ತೆ ಆಮಾ, ಏಳನೇ ಕಂಬದಲ್ಲಿ.”

“ಯೂಜೆನ್ ಓದಿದಳು. ಏಳನೇದರಲ್ಲಿಲ್ಲ. ಎಂಟರಲ್ಲಿಲ್ಲ. ಹನ್ನೆರಡೂ ಓದಿಸಿದೆ. ತು ಚಾಮೆಯ್ ಅನ್ನೋ ಹೆಸರೇ ಇಲ್ಲ. ಭೂಮಿತಾತನ ಲೆಕ್ಕದಲ್ಲಿ ನಾನು ಈ ವರ್ಷ ಇಲ್ಲ. ಇಲ್ಲದವಳು ಹೋಗಿ ಚಾಕುವಿನ ಕೆಳಗೆ ಮಲಗಿದರೆ ಎದ್ದು ಬರ್ತಾಳಾ, ನೀನೇ ಹೇಳು!”

ನಾನು ಗುಡಿಗೆ ಓಡಿದೆ. ಏಳನೆಯ ಕಂಬದ ಪರದೆಯ ಮೂಲೆಯಲ್ಲಿ ಸಣ್ಣದಾಗಿ ‘ಒಂದನೇ ಕಂಬ’ ಎಂದಿತ್ತು. ಎಂಟನೆಯದರಲ್ಲೂ ಒಂದನೇ ಕಂಬ. ಹನ್ನೆರಡನೆಯದರಲ್ಲೂ. ಹನ್ನೆರಡು ಕಂಬಗಳೂ ತಾವೇ ಒಂದನೆಯವರೆಂದು ನಂಬಿ ಒಂದೇ ನೂರು ಜನರ ಹೆಸರನ್ನು ನಿಷ್ಠೆಯಿಂದ ತೋರಿಸುತ್ತಿದ್ದವು. ಉಳಿದ ಸಾವಿರದ ನೂರು ಜನ ಎಲ್ಲಿಯೂ ಇರಲಿಲ್ಲ. ನನಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು.

ಸರಿಪಡಿಸುವುದು ಸುಲಭ. ಕಂಬವನ್ನು ಆರಿಸಿ ಹೊತ್ತಿಸಿ ಸಂಖ್ಯೆ ಬರೆದರೆ ನಲವತ್ತು ಸೆಕೆಂಡಿನ ಕೆಲಸ. ಆದರೆ ವರ್ಷವಿಡೀ ಆರಬಾರದ ದೀಪವನ್ನು ಆರಿಸುವವರು ಯಾರು? ಬೀಗ ಹಾಕದೇ ಇದ್ದಿದ್ದರೆ ಆರಿಸದೆಯೇ ಬರೆಯಬಹುದಿತ್ತು. ಆ ಬೀಗವನ್ನು ಹಾಕಿದ ಮಹಾನುಭಾವ ನಾನೇ.

ಅಷ್ಟರಲ್ಲಿ ಓಣಿಗೆ ಓಣಿಯೇ ಅಲ್ಲಿ ಸೇರಿತ್ತು. ಒಂದನೇ ಕಂಬದ ನೂರು ಜನರಲ್ಲಿ ಶಾವ್ ಅಕ್ಕನೂ ಒಬ್ಬಳು.

“ಹನ್ನೆರಡು ದೀಪ!” ಎಂದು ಅವಳು ಸಾರಿದಳು. “ಹಚ್ಚಿಸಿದ್ದು ಒಂದು, ಉರೀತಿರೋದು ಹನ್ನೆರಡು! ಶನಿವಾರದಿಂದ ನನ್ನ ಮಂಡಿನೋವು ಮಾಯ. ಅಂಗಡಿ ರಸೀದಿ ನಂಬರಿಗೆ ಸರ್ಕಾರ ಕೊಡೋ ಲಾಟರೀಲಿ ಇನ್ನೂರು ಬಂತು. ನನ್ನ ಸೊಸೆ ತಾನಾಗಿ ಫೋನ್ ಮಾಡಿದಳು ಕಣ್ರೀ, ತಾನಾಗಿ!”

ಕೊನೆಯದನ್ನು ಕೇಳಿ ಜನ ನಿಜಕ್ಕೂ ಬೆಚ್ಚಿದರು.

“ಅಂದ್ರೆ ನಮ್ಮ ಪುಣ್ಯ ಎಲ್ಲ ಇವಳಿಗೆ ಹೋಗ್ತಿದೆ,” ಎಂದ ಸೋಯಾ ಹಾಲಿನ ಅಂಗಡಿಯವನು. “ಶನಿವಾರದಿಂದ ನನ್ನ ಹಾಲು ಮೂರು ಸಲ ಸೀದಿದೆ.”

“ನನ್ನ ಮಗ ಡ್ರೈವಿಂಗ್ ಪರೀಕ್ಷೇಲಿ ಫೇಲ್ ಆದ!”

“ನಿನ್ನ ಮಗ ಹೋದ ವರ್ಷವೂ ಫೇಲ್ ಆಗಿದ್ದ.”

“ಹೋದ ವರ್ಷ ಎರಡು ಮಾರ್ಕಲ್ಲಿ! ಈ ಸಲ ಮರಕ್ಕೆ ಗುದ್ದಿದ!”

ನಾನು ಬಾಯಿ ತೆರೆದೆ. ‘ತಪ್ಪು ನನ್ನದು’ ಎನ್ನುವ ಎರಡು ಶಬ್ದ ನಾಲಿಗೆಯ ತುದಿಯವರೆಗೆ ಬಂದಿದ್ದವು. ಅಷ್ಟರಲ್ಲಿ ನಮ್ಮ ಧಣಿ ಲಿಯಾವ್ ಸ್ಕೂಟರಿನಿಂದ ಇಳಿದು, ಹೆಲ್ಮೆಟ್ಟನ್ನೂ ತೆಗೆಯದೆ ಕಂಬಗಳ ಹಿಂದೆ ನುಗ್ಗಿ, ಒಂದು ಜೋಳದ ಪುರಿಯ ಪೊಟ್ಟಣವನ್ನು ಎತ್ತಿ ಹಿಡಿದರು.

“ಯಾರು ಹಳದಿ ಪೊಟ್ಟಣ ಇಟ್ಟವರು?”

ನಮ್ಮ ಊರಿನಲ್ಲಿ ಯಂತ್ರವೆಂದ ಮೇಲೆ ಅದರ ಮೇಲೆ ಒಂದು ಪುರಿಯ ಪೊಟ್ಟಣ ಇರಲೇಬೇಕು. ಅದರ ಹೆಸರಿನ ಅರ್ಥವೇ ‘ಜಾಣನಾಗಿರು’ ಎಂದು. ಆದರೆ ಅದು ಹಸಿರು ಬಣ್ಣದ್ದಾಗಿರಬೇಕು, ಅವಧಿ ಮೀರಿರಬಾರದು, ಯಾರೂ ತಿನ್ನಬಾರದು. ಆಸ್ಪತ್ರೆಯಲ್ಲೂ ಇಡುತ್ತಾರೆ, ರೈಲು ನಿಲ್ದಾಣದಲ್ಲೂ ಇಡುತ್ತಾರೆ. ಕಂಪನಿಯಲ್ಲಿ ಯಾವ ಯಂತ್ರ ಕೆಟ್ಟರೂ ನಾವು ಮೊದಲು ನೋಡುವುದು ಪೊಟ್ಟಣದ ತಾರೀಕನ್ನು, ಆಮೇಲೆ ವೈರನ್ನು.

ಕೋ ಅವರು ತಲೆ ತಗ್ಗಿಸಿದರು. “ಅಂಗಡೀಲಿ ಹಸಿರು ಮುಗಿದಿತ್ತು. ಹಳದಿ ಖಾರದ್ದು, ರುಚಿ ಚೆನ್ನಾಗಿರತ್ತೆ ಅಂತ...”

“ಹಳದಿ ಅಂದ್ರೆ ಯಂತ್ರ ಮುನಿಸಿಕೊಳ್ಳತ್ತೆ! ಮೂವತ್ತು ವರ್ಷ ಅಂಗಡಿ ನಡೆಸಿದೀರಿ, ಇಷ್ಟು ಗೊತ್ತಿಲ್ವಾ?” ಎಂದು ಧಣಿ ನನ್ನ ಕಡೆ ತಿರುಗಿದರು. “ಏನಂತೀಯಾ ಆಶಿಯಾಂಗ್? ನೀನು ಎಂಜಿನಿಯರ್. ಇದೇ ಕಾರಣ ತಾನೆ?”

ಸಾವಿರ ಕಣ್ಣು ನನ್ನ ಮೇಲಿದ್ದವು. “ಇರಬಹುದು,” ಎಂದೆ. ನನ್ನ ಬಾಳಿನಲ್ಲಿ ಅಷ್ಟು ನಾಚಿಕೆಗೇಡಿನ ಮಾತನ್ನು ನಾನು ಆಡಿದ್ದು ಅದೇ ಮೊದಲು.

ಮಂಗಳವಾರ ಇಡೀ ದಿನ ಓಣಿಯವರು ಊರೆಲ್ಲ ಸುತ್ತಿ ಹಸಿರು ಪೊಟ್ಟಣ ತಂದರು. ಕಂಬಕ್ಕೆ ಒಂದು ಸಾಲದೆಂದು ಮೂರು ಮೂರು ಇಟ್ಟರು. ಕಂಬಗಳು ಜಾಣರಾಗಲಿಲ್ಲ. ಅವಧಿ ಮುಗಿಯಲು ನಾಲ್ಕೇ ತಿಂಗಳಿದೆ ಎಂದು ಯಾರೋ ಪತ್ತೆಹಚ್ಚಿದರು. ಇನ್ನೂ ತಾಜಾ ತರಲು ಇಬ್ಬರು ಪಕ್ಕದ ಊರಿಗೆ ಹೋದರು. ಆಮಾ ಮನೆಯಲ್ಲಿ ಆಸ್ಪತ್ರೆಗೆಂದು ಕಟ್ಟಿಟ್ಟಿದ್ದ ಚೀಲವನ್ನು ಬಿಚ್ಚಿ ಉಡುಪುಗಳನ್ನೆಲ್ಲ ಮತ್ತೆ ಕಪಾಟಿನಲ್ಲಿ ಜೋಡಿಸಿದಳು. ಕಣ್ಣು ಕಾಣದೆ ಅರ್ಧ ಬಟ್ಟೆಯನ್ನು ನನ್ನ ಕಪಾಟಿನಲ್ಲಿಟ್ಟಳು. ಅದನ್ನು ನೋಡಿ ಯೂಜೆನ್ ಅಡುಗೆಮನೆಗೆ ಹೋಗಿ ಅತ್ತಳು.

ಬುಧವಾರ ಬೆಳಿಗ್ಗೆ ಕೋ ಅವರು ಘೋಷಿಸಿದರು: “ತಾತನನ್ನೇ ಕೇಳೋಣ.”

ಕೇಳುವುದೆಂದರೆ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ದೇವರೆದುರು ನೆಲಕ್ಕೆ ಹಾಕುವುದು. ಒಂದು ಅಂಗಾತ, ಒಂದು ಬೋರಲು ಬಿದ್ದರೆ ತಾತ ಹೂಂ ಅಂದಂತೆ. ಎರಡೂ ಬೋರಲಾದರೆ ಊಹೂಂ. ಎರಡೂ ಅಂಗಾತವಾದರೆ ತಾತ ನಗುತ್ತಿದ್ದಾನೆ ಎಂದು ಅರ್ಥ. ದೊಡ್ಡ ವಿಷಯಕ್ಕೆ ಸತತವಾಗಿ ಮೂರು ಹೂಂ ಬೇಕು.

ಕೋ ಅವರು ಮಂಡಿಯೂರಿ ಕೇಳಿದರು: “ತಾತ, ಈ ನೂರು ಜನರನ್ನು ಆಯ್ದುಕೊಂಡಿದ್ದು ನೀನೇ ಏನು?”

ತುಂಡು ಬಿದ್ದವು. ತಾತ ನಕ್ಕ.

“ಪೊಟ್ಟಣ ಸಾಲದೇ ಇನ್ನೂ ಇಡಬೇಕೇ?”

ತಾತ ಮತ್ತೆ ನಕ್ಕ.

“ನನ್ನ ಮಂಡಿನೋವು ಹೋಗಿದ್ದು ನಿಜ ತಾನೆ?” ಎಂದು ಶಾವ್ ಅಕ್ಕ ನಡುವೆ ಬಾಯಿ ಹಾಕಿದಳು. ಅದಕ್ಕೂ ನಗುವೇ ಬಂತು. ಗುಡಿಯಲ್ಲಿ ಗುಸುಗುಸು ಎದ್ದಿತು. ತಾತ ಇಷ್ಟು ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ.

ನಾನು ಹಿಂದಿನ ಸಾಲಿನಲ್ಲಿ, ಗುಡಿಯ ಚಾವಣಿ ಹೊತ್ತ ಒಂದು ದಪ್ಪ ಕಂಬದ ಮರೆಯಲ್ಲಿದ್ದೆ. ಪಕ್ಕದಲ್ಲಿ ಆಮಾ. ಅವಳಿಗೆ ಕಣ್ಣು ಕಾಣದಿದ್ದರೂ ನನ್ನ ಉಸಿರಾಟ ಕೇಳಿಸುತ್ತಿತ್ತು. ಅವಳು ನನ್ನ ತೋಳನ್ನು ಹಿಡಿದಳು.

“ನಿಂಗೆ ಗೊತ್ತು,” ಎಂದಳು ಮೆಲ್ಲಗೆ.

“ಏನು ಆಮಾ?”

“ಕಾರಣ. ಸೋಮವಾರದಿಂದ ನೀನು ಅನ್ನ ಸರಿಯಾಗಿ ತಿಂತಿಲ್ಲ. ತಪ್ಪು ಮಾಡಿದವನು ಹಾಗೇ ಮಾಡೋದು. ನಿನ್ನ ಮಾವನೂ ಹಾಗೇ ಇದ್ದ. ಹೋಗು, ಕೇಳು.”

“ಆಮಾ, ದೀಪ ಆರಿಸಬೇಕಾಗತ್ತೆ...”

“ಅದನ್ನೇ ಕೇಳು. ಕಾರಣ ಪೂರ್ತಿ ಹೇಳಿ ಕೇಳು. ತಾತ ಬಹಳ ಕಾಲದಿಂದ ಕೇಳ್ತಾ ಕೂತಿದಾನೆ, ಅವನಿಗೆ ಹೊಸದೇನಲ್ಲ.”

ಹೀಗೆ ನಾನು ದೇವರ ಮುಂದೆ ಮಂಡಿಯೂರಿದೆ. ಕೇಳುವವನು ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಕಾರಣ ಎಲ್ಲವನ್ನೂ ಗಟ್ಟಿಯಾಗಿ ಹೇಳಬೇಕು. ಮನೆಯ ನಂಬರು, ಮಹಡಿ ಸಮೇತ ಹೇಳಿದೆ. ನಂತರ, “ತಾತ, ಈ ಸಲ ಚಳಿಗಾಳಿ ಜಾಸ್ತಿಯಾಗಿ ಯಂತ್ರದಲ್ಲಿ ತೇವ ಸೇರಿದ್ದರಿಂದ, ಕಂಬಗಳನ್ನು ನಲವತ್ತು ಸೆಕೆಂಡು ಆರಿಸಲು ಅಪ್ಪಣೆ ಕೊಡು,” ಎಂದೆ.

ಎರಡೂ ಬೋರಲು. ಊಹೂಂ.

“ಚಿಪ್ಪು ಕೊಟ್ಟ ಕಡೆಯಿಂದಲೇ ಏನೋ ವ್ಯತ್ಯಾಸವಾಗಿದ್ದರಿಂದ...”

ಊಹೂಂ. ಒಂದು ತುಂಡು ಪುಟಿದು ನನ್ನ ಮೊಣಕಾಲಿಗೆ ಬಡಿಯಿತು.

“ಕಂಪನಿಯಲ್ಲಿ ಕೆಲಸದ ಒತ್ತಡ ಇದ್ದುದರಿಂದ...”

ತಾತ ನಕ್ಕ. ಅದರ ಹಿಂದೆಯೇ ನಮ್ಮ ಧಣಿ, “ಯಾವ ಒತ್ತಡ? ಮೂರು ದಿನ ಕೊಟ್ಟಿದ್ದೆ ನಿಂಗೆ!” ಎಂದು ಕೂಗಿದರು.

ಕಣ್ಣು ಮುಚ್ಚಿದೆ, ಎಲ್ಲವನ್ನೂ ಹೇಳಿಬಿಟ್ಟೆ.

“ತಾತ, ಒಂದು ಚಿಪ್ಪಿನಲ್ಲಿ ನಾಲ್ಕು ಖಾನೆ. ಎರಡನೇದು ಅರವತ್ತನಾಲ್ಕು ಕಿಲೋಬೈಟು. ಅದರಲ್ಲಿ ಯಂತ್ರದ ಗುರುತು ಇರತ್ತೆ. ಅದನ್ನು ಒಂದೊಂದಕ್ಕೂ ಬೇರೆ ಬೇರೆ ಬರೀಬೇಕು ಅಂತ ನಾನೇ ನಿಯಮ ಮಾಡಿದೆ. ಶಾವ್ ಅಕ್ಕ ರಿಪೇರಿಯವನು ಅಂದಿದ್ದಕ್ಕೆ ನಂಗೆ ಉರಿದುಹೋಯ್ತು. ಊಟದೊಳಗೆ ಮುಗಿಸ್ತೀನಿ ಅಂತ ಕೊಚ್ಚಿಕೊಂಡೆ. ಹೊತ್ತಾಯ್ತು ಅಂತ ಮೊದಲನೇ ಚಿಪ್ಪನ್ನ ಗುರುತು ಸಮೇತ ಹನ್ನೊಂದಕ್ಕೂ ನಕಲು ಹೊಡೆದೆ. ಸಂಖ್ಯೆ ಆಮೇಲೆ ಬರೀತೀನಿ ಅಂದುಕೊಂಡೆ. ಉಂಡೆ ಸಾರು ಎರಡು ಬಟ್ಟಲು ಕುಡಿದೆ. ಮರೆತೆ. ಸೋಮವಾರವೇ ಗೊತ್ತಾಯ್ತು. ಪೊಟ್ಟಣದ ಮೇಲೆ ತಪ್ಪು ಹಾಕಿದೆ. ನಮ್ಮ ಆಮಾ ಕಣ್ಣು ಹೋಗತ್ತೆ ತಾತ. ಆರಿಸೋಕೆ ಬಿಡು.”

ಹೂಂ.

ಎರಡನೇ ಸಲ ಹಾಕಿದೆ. ಹೂಂ. ಮೂರನೇ ಸಲ ಒಂದು ತುಂಡು ಬೋರಲು ಬಿತ್ತು, ಇನ್ನೊಂದು ಬುಗುರಿಯ ಹಾಗೆ ಸುತ್ತುತ್ತಲೇ ಇತ್ತು. ಇಡೀ ಓಣಿ ಬಗ್ಗಿ ನೋಡುತ್ತಿತ್ತು. ಅದು ಅಂಗಾತ ನಿಂತಿತು.

ನಾನು ಎದ್ದು ತಿರುಗಿದಾಗ ಬೈಗುಳಗಳ ಮಳೆಯಾಗುತ್ತದೆಂದು ಭುಜ ಕುಗ್ಗಿಸಿಕೊಂಡೆ. ಆದರೆ ಜನಕ್ಕೆ ಬೈಯಲೂ ಪುರುಸೊತ್ತಿರಲಿಲ್ಲ. ತಮ್ಮ ದೀಪ ಕತ್ತಲಾಗುವ ನಲವತ್ತು ಸೆಕೆಂಡಿನಲ್ಲಿ ಏನೂ ಅನಾಹುತವಾಗಬಾರದೆಂದು ಎಲ್ಲರೂ ಹುಷಾರಾಗುತ್ತಿದ್ದರು. ಎರಡನೇ ಕಂಬದವರು ನೆಲದ ಮೇಲೆ ಕೂತರು. ಮೂರನೇ ಕಂಬದವರು ಉಸಿರು ಬಿಗಿಹಿಡಿದರು. ಸೋಯಾ ಹಾಲಿನವನು ಹೆಂಡತಿಗೆ ಫೋನ್ ಮಾಡಿ, “ಒಲೆ ಆರಿಸು! ಈಗ ನಮ್ಮ ಸರದಿ!” ಎಂದು ಕಿರುಚಿದ. ಒಂದೊಂದು ಕಂಬ ಆರಿದಾಗಲೂ ನಾನು ಲ್ಯಾಪ್‌ಟಾಪಿನಲ್ಲಿ ಅದು ಕಣ್ಣು ಬಿಡುವುದನ್ನೇ ಕಾದು, ಸಂಖ್ಯೆ ಬರೆದು, ಮೂರು ಸಲ ಓದಿ, ಮತ್ತೆ ಬೀಗ ಹಾಕಿದೆ. ಪ್ರತಿ ಕಂಬ ಬೆಳಗಿದಾಗಲೂ ಶಾವ್ ಅಕ್ಕ ತನ್ನ ಮಂಡಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಏಳನೆಯ ಕಂಬ ಬೆಳಗಿತು. ನಾಲ್ಕನೆಯ ಸಾಲಿನಲ್ಲಿ ತು ಚಾಮೆಯ್. ಯೂಜೆನ್ ಆಮಾಳ ಬೆರಳು ಹಿಡಿದು ಆ ಹೆಸರಿನ ಮೇಲಿಟ್ಟಳು. ಆಮಾ ಬೆಚ್ಚಗಿದ್ದ ಗಾಜನ್ನು ಬಹಳ ಹೊತ್ತು ಮುಟ್ಟಿಕೊಂಡೇ ಇದ್ದಳು.

“ಸರಿ, ನಾಳೆ ಹೋಗೋಣ,” ಎಂದಳು. ಯೂಜೆನ್ ಅಳುತ್ತಲೇ ನಕ್ಕಳು. ಆಮಾ ನನ್ನ ಕಡೆ ತಿರುಗಿದಳು. “ಆದರೆ ನೀನು ಆಸ್ಪತ್ರೆಗೆ ಬರೋದು ಬೇಡ. ಅಲ್ಲಿ ಮಷೀನುಗಳಿರ್ತವೆ. ನಾನು ಒಳಗೆ ಮಲಗಿರೋವಷ್ಟು ಹೊತ್ತು ನೀನು ಇಲ್ಲಿ ನಿಂತು ನನ್ನ ದೀಪ ನೋಡ್ಕೊಂಡಿರು. ಬರೀ ನೋಡೋದು.”

ಗುರುವಾರ ಬೆಳಿಗ್ಗೆ ಎಂಟಕ್ಕೇ ಹೋಗಿ ಏಳನೆಯ ಕಂಬದೆದುರು ಕೈಕಟ್ಟಿ ನಿಂತೆ. ಒಂಬತ್ತಾಯಿತು. ಹತ್ತಾಯಿತು. ಕೋ ಅವರು ಕುರ್ಚಿ ತಂದಿಟ್ಟರು, ಕೂರಲಿಲ್ಲ. ಸಾರು ತಂದರು, ಕುಡಿಯಲಿಲ್ಲ. ಕಣ್ಣು ಮಿಟುಕಿಸಿದಾಗ ದೀಪ ಮಿಟುಕಿತೆಂದು ಎರಡು ಸಲ ಭ್ರಮೆಯಾಯಿತು. ಹತ್ತೂವರೆಗೆ ಮುಗಿಯಬೇಕಿತ್ತು. ಹನ್ನೊಂದಾದರೂ ಸುದ್ದಿಯಿಲ್ಲ. ನಿನ್ನೆ ತಾನೇ ಎಲ್ಲರ ಮುನ್ನೆಚ್ಚರಿಕೆಗಳನ್ನು ನೋಡಿ ಒಳಗೊಳಗೇ ನಕ್ಕಿದ್ದ ನಾನು, ಏಳನೆಯ ಸಂಖ್ಯೆಯನ್ನು ಸರಿಯಾಗಿ ಬರೆದಿದ್ದೇನೆಯೇ ಎಂದು ಹದಿನೈದನೇ ಸಲ ಮೂಲೆಯನ್ನು ನೋಡಿದೆ.

ಹನ್ನೊಂದೂ ಹತ್ತಕ್ಕೆ ಫೋನ್ ಬಂತು.

“ಆಯ್ತು ರೀ,” ಎಂದಳು ಯೂಜೆನ್. “ಪೊರೆ ಗಟ್ಟಿಯಾಗಿತ್ತಂತೆ, ಅದಕ್ಕೇ ತಡ. ಬಲಗಣ್ಣು ಉಳೀತು. ಡಾಕ್ಟರು ಬೆರಳು ತೋರಿಸಿದ್ರೆ ಸರಿಯಾಗಿ ಎಣಿಸಿದಳು.”

ನಾನು ಗುಡಿಯ ನೆಲದ ಮೇಲೆ ಕೂತುಬಿಟ್ಟೆ.

“ಇರಿ, ಆಮಾ ಏನೋ ಕೇಳ್ತಿದಾಳೆ.” ಆ ಕಡೆ ಒಂದಿಷ್ಟು ಗುಸುಗುಸು ನಡೆಯಿತು. “ಏನನ್ನಾದರೂ ಮುಟ್ಟಿದ್ರಾ ಅಂತ.”

“ಇಲ್ಲ. ದೇವರಾಣೆ ಇಲ್ಲ.”

ಮತ್ತೆ ಗುಸುಗುಸು. “ಹಾಗಾದ್ರೆ ನೀವಿನ್ನು ಮನೆಗೆ ಹೋಗಬಹುದಂತೆ. ದಾರೀಲೂ ಏನೂ ಮುಟ್ಟಬೇಡಿ ಅಂತಿದಾಳೆ.”

ಎರಡೂ ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಹೊರಟೆ. ದೊಡ್ಡ ರಸ್ತೆಯಲ್ಲಿ ದಾಟುವವರು ಒತ್ತಬೇಕಾದ ಒಂದು ಗುಂಡಿಯಿದೆ. ಯಾರಾದರೂ ಬಂದು ಒತ್ತಲಿ ಎಂದು ಅದರೆದುರು ಇಪ್ಪತ್ತು ನಿಮಿಷ ನಿಂತಿದ್ದೆ.